ಭಾಗ ಮತ್ತು ಸಮಗ್ರ: ಹಳೆಯ ಧ್ವನಿಮುದ್ರಣ ಕನ್ಸೋಲ್‌ಗಳ ಪ್ರಿಆಂಪ್ ಮಾಡ್ಯೂಲ್‌ಗಳ ಸ್ಥಳಾಂತರ ಕುರಿತು ಒಂದು ಸಾಂಸ್ಕೃತಿಕ ವಿಮರ್ಶೆ

1. ಪ್ರವೇಶ

ಕನ್ನಡ ಜಾನಪದ ಅಧ್ಯಯನದಲ್ಲಿ ಭೌತಿಕ ಸಂಸ್ಕೃತಿಯ ಚರ್ಚೆ ಬಹುಮಟ್ಟಿಗೆ ನೇಗಿಲು, ಕೂರಿಗೆ, ಬೀಸುವ ಕಲ್ಲು, ಮುಖವಾಡ, ವಾದ್ಯಗಳಂತಹ ಕೃಷಿ ಮತ್ತು ಆಚರಣಾ ಮೂಲದ ವಸ್ತುಗಳ ಸುತ್ತ ನಡೆದಿದೆ. ಕೈಗಾರಿಕಾ ಯುಗದ ಯಂತ್ರಗಳು ಈ ಚರ್ಚೆಯ ಹೊರಗೇ ಉಳಿದಿವೆ. ಆದರೆ ಯಂತ್ರಗಳಿಗೂ ಒಂದು ಬದುಕಿದೆ. ಅವೂ ಒಂದು ಕಸುಬಿನ ಸಮುದಾಯದ ಕೈಯಲ್ಲಿ ಬಳಕೆಯಾಗಿ, ಹಳತಾಗಿ ಮೂಲೆ ಸೇರಿ, ಬೇರೊಂದು ಕಾಲದಲ್ಲಿ ಬೇರೊಂದು ಸಮುದಾಯದಿಂದ ಮರುಮೌಲ್ಯ ಪಡೆಯುತ್ತವೆ. ಈ ಪ್ರಕ್ರಿಯೆಯಲ್ಲಿ ಏನು ಉಳಿಯುತ್ತದೆ, ಏನು ಅಳಿಯುತ್ತದೆ ಎಂಬ ಪ್ರಶ್ನೆ ಜಾನಪದ ಸಂಗ್ರಾಹಕನಿಗೆ ಹೊಸದಲ್ಲ.

ಪ್ರಸ್ತುತ ಲೇಖನವು ಅಂತಹ ಒಂದು ನಿರ್ದಿಷ್ಟ ಪ್ರಸಂಗವನ್ನು ಪರಿಶೀಲಿಸುತ್ತದೆ. 1960 ಮತ್ತು 1970ರ ದಶಕಗಳಲ್ಲಿ ಮುಖ್ಯವಾಗಿ ಇಂಗ್ಲೆಂಡ್, ಅಮೆರಿಕ, ಜರ್ಮನಿಗಳಲ್ಲಿ ತಯಾರಾದ ದೊಡ್ಡ ಧ್ವನಿಮುದ್ರಣ ಕನ್ಸೋಲ್‌ಗಳಿಂದ ಪ್ರಿಆಂಪ್ ಮಾಡ್ಯೂಲ್‌ಗಳನ್ನು ಕಳಚಿ, ಅವುಗಳಿಗೆ ಪ್ರತ್ಯೇಕ ವಿದ್ಯುತ್ ಪೂರೈಕೆ ಒದಗಿಸಿ, 19 ಅಂಗುಲದ ಲೋಹದ ಚೌಕಟ್ಟಿನಲ್ಲಿ, ಅಂದರೆ ರ‍್ಯಾಕ್‌ನಲ್ಲಿ ಕೂರಿಸಿ ಬಳಸುವ ರೂಢಿ ಇಂದು ಜಗತ್ತಿನಾದ್ಯಂತ ಇದೆ. ಮೇಲ್ನೋಟಕ್ಕೆ ಇದು ಕೇವಲ ತಾಂತ್ರಿಕ ಕೆಲಸ. ಆದರೆ ಇದರ ಒಳಗೆ ಸಂರಕ್ಷಣೆ, ವ್ಯಾಪಾರ, ನಂಬಿಕೆ, ಅಧಿಕೃತತೆ ಎಂಬ ನಾಲ್ಕು ಎಳೆಗಳು ಹೆಣೆದುಕೊಂಡಿವೆ. ಕಳಚಿದ ಭಾಗವು ಉಳಿದುಕೊಂಡಿತು ಎಂಬ ಸಮಾಧಾನದಲ್ಲಿ, ಆ ಭಾಗಕ್ಕೆ ಅರ್ಥ ಕೊಟ್ಟಿದ್ದ ಸಂಬಂಧಗಳ ನಾಶವು ಕಣ್ಮರೆಯಾಗುತ್ತದೆ ಎಂಬುದು ಈ ಲೇಖನದ ಮುಖ್ಯ ವಾದ.

2. ಕನ್ಸೋಲ್ ಎಂಬ ಸಂಘಟನೆ

ಮೈಕ್ರೊಫೋನ್ ಹೊರಡಿಸುವ ವಿದ್ಯುತ್ ಸಂಕೇತ ಅತ್ಯಂತ ಕ್ಷೀಣವಾದುದು. ಅನೇಕ ಸಂದರ್ಭಗಳಲ್ಲಿ ಅದು ಒಂದು ವೋಲ್ಟಿನ ಸಾವಿರದ ಒಂದು ಭಾಗದಷ್ಟಿರುತ್ತದೆ. ಮುಂದಿನ ಯಾವ ಕೆಲಸಕ್ಕೂ ಅದು ಸಾಲದು. ಅದನ್ನು ಗದ್ದಲ ಬೆರೆಯದಂತೆ ಹಿಗ್ಗಿಸಿ ಕೊಡುವ ಮೊದಲ ಘಟಕವೇ ಪ್ರಿಆಂಪ್. 60 ಡೆಸಿಬಲ್ ವರ್ಧನೆ ಎಂದರೆ ಸಂಕೇತದ ವೋಲ್ಟೇಜನ್ನು 1000 ಪಟ್ಟು ಹೆಚ್ಚಿಸುವುದು ಎಂದರ್ಥ. ಇಷ್ಟು ಹಿಗ್ಗಿಸುವಾಗ ಆ ಘಟಕದ ಗುಣಾವಗುಣಗಳೂ ದನಿಯೊಂದಿಗೆ ಸೇರಿಕೊಳ್ಳುತ್ತವೆ.

ಕನ್ಸೋಲ್‌ನಲ್ಲಿ ಇಂತಹ ಘಟಕಗಳು ಸಾಲುಸಾಲಾಗಿ ಇರುತ್ತವೆ. ಪ್ರತಿ ಮೈಕ್ರೊಫೋನಿಗೂ ಒಂದು ಚಾನೆಲ್, ಪ್ರತಿ ಚಾನೆಲ್ಲಿಗೂ ಒಂದು ಫೇಡರ್, ಹಲವು ಚಾನೆಲ್‌ಗಳನ್ನು ಕೂಡಿಸುವ ಬಸ್‌ಗಳು, ಕೂಡಿಸಿದಾಗ ಕುಗ್ಗಿದ ಸಂಕೇತವನ್ನು ಮತ್ತೆ ಎತ್ತುವ ಲೈನ್ ಆಂಪ್ಲಿಫೈಯರ್‌ಗಳು, ಎಲ್ಲವನ್ನೂ ಬೇಕಾದಂತೆ ಜೋಡಿಸುವ ಪ್ಯಾಚ್‌ಬೇ, ಇವುಗಳಿಗೆಲ್ಲ ಒಂದೇ ವಿದ್ಯುತ್ ಮೂಲ, ಒಂದೇ ಅರ್ಥಿಂಗ್ ವ್ಯವಸ್ಥೆ. ಹೀಗೆ ಕನ್ಸೋಲ್ ಎಂಬುದು ಉಪಕರಣಗಳ ರಾಶಿಯಾಗಿರದೆ ಒಂದು ಸಂಘಟನೆಯಾಗಿರುತ್ತದೆ. ಅದರ ಮುಂದೆ ಕೂರುವ ಮನುಷ್ಯರೂ ಈ ಸಂಘಟನೆಯ ಭಾಗವೇ. ಲಂಡನ್ನಿನ ಅಬ್ಬಿ ರೋಡ್‌ನಲ್ಲಿದ್ದ ಇಎಂಐ ಸ್ಟುಡಿಯೋದಲ್ಲಿ ತಾಂತ್ರಿಕ ಸಿಬ್ಬಂದಿ ಬಿಳಿ ಕೋಟು ಧರಿಸುತ್ತಿದ್ದರೆಂಬುದು ಪ್ರಸಿದ್ಧ ಸಂಗತಿ. ಯಾರು ಕನ್ಸೋಲ್ ಮುಟ್ಟಬೇಕು, ಯಾರು ಟೇಪ್ ಯಂತ್ರ ನಡೆಸಬೇಕು, ಯಾರು ಮೈಕ್ರೊಫೋನ್ ಇಡಬೇಕು ಎಂಬುದಕ್ಕೆ ಅಲ್ಲಿ ಕಟ್ಟುಪಾಡುಗಳಿದ್ದವು. ಕಿರಿಯನು ಹಿರಿಯನ ಪಕ್ಕದಲ್ಲಿ ಕುಳಿತು ನೋಡಿ ಕಲಿಯುತ್ತಿದ್ದ ಈ ಕ್ರಮವು ನಮ್ಮ ಕಸುಬುದಾರ ಮನೆಗಳ ಕಲಿಕೆಯ ಕ್ರಮಕ್ಕೆ ಸಮೀಪವಾದುದು.

ಈ ಪರಂಪರೆಯಲ್ಲಿ ಅತ್ಯಂತ ಹೆಸರುವಾಸಿಯಾದ ಘಟಕ ನೀವ್ 1073. ಇದರ ವಿನ್ಯಾಸಕ ರೂಪರ್ಟ್ ನೀವ್ (1926-2021) 1961ರಲ್ಲಿ ತಮ್ಮ ಸಂಸ್ಥೆಯನ್ನು ಆರಂಭಿಸಿ, 1964ರಲ್ಲಿ ಲಂಡನ್ನಿನ ಫಿಲಿಪ್ಸ್ ಸಂಸ್ಥೆಗಾಗಿ ಟ್ರಾನ್ಸಿಸ್ಟರ್ ಆಧಾರಿತ ಕನ್ಸೋಲ್ ನಿರ್ಮಿಸಿದರು. 1970ರಲ್ಲಿ ವೆಸೆಕ್ಸ್ ಸ್ಟುಡಿಯೋಗಾಗಿ ತಯಾರಾದ ಎ88 ಕನ್ಸೋಲ್‌ಗೆ 1073 ಮಾಡ್ಯೂಲ್ ರೂಪುಗೊಂಡಿತು. ಮೈಕ್ರೊಫೋನ್ ಸಂಕೇತವನ್ನು 80 ಡೆಸಿಬಲ್‌ವರೆಗೆ 5 ಡೆಸಿಬಲ್‌ಗಳ ಮೆಟ್ಟಿಲುಗಳಲ್ಲಿ ಏರಿಸುವ ಸ್ವಿಚ್, 12 ಕಿಲೋಹರ್ಟ್ಸ್‌ನ ಮೇಲ್‌ಸ್ತರ, ಆಯ್ಕೆಗೆ ಬಿಟ್ಟ ಮಧ್ಯ ಮತ್ತು ಕೆಳಸ್ತರಗಳ ಈಕ್ವಲೈಸರ್, ಒಳಬರುವಲ್ಲಿ ಮತ್ತು ಹೊರಹೋಗುವಲ್ಲಿ ಟ್ರಾನ್ಸ್‌ಫಾರ್ಮರ್‌ಗಳು ಇದರ ಲಕ್ಷಣಗಳು. ಆ ಕಾಲದ ನೀವ್ ಕನ್ಸೋಲ್‌ಗಳು ಬಹುಪಾಲು ಗಿರಾಕಿಯ ಅಗತ್ಯ ಕೇಳಿ ಕೈಯಿಂದ ಜೋಡಿಸಿದಂಥವು. ಮಾಡ್ಯೂಲ್‌ಗಳನ್ನು ಹೊರಗೆಳೆಯಲು ಬರುವಂತೆ ಮಾಡಿದ್ದು ದುರಸ್ತಿಗೆ ಅನುಕೂಲವಾಗಲೆಂದು; ಕೆಟ್ಟುದನ್ನು ತೆಗೆದು ಸರಿಯಿರುವುದನ್ನು ಹಾಕಿ ಕೆಲಸ ಮುಂದುವರಿಸಲೆಂದು. ಈ ಸೌಲಭ್ಯವೇ ಮುಂದೆ ಇಡೀ ಕನ್ಸೋಲ್ ಬಿಚ್ಚಿಹೋಗಲು ದಾರಿಯಾದದ್ದು ಗಮನಾರ್ಹ.

3. ವಿಘಟನೆಯ ಹಿನ್ನೆಲೆ

1980ರ ದಶಕದ ವೇಳೆಗೆ ಸ್ಟುಡಿಯೋಗಳ ಅಗತ್ಯ ಬದಲಾಯಿತು. ಫೇಡರ್‌ಗಳ ಚಲನೆಯನ್ನು ನೆನಪಿಟ್ಟುಕೊಳ್ಳುವ, ಹಿಂದಿನ ದಿನದ ಜೋಡಣೆಯನ್ನು ಮರಳಿ ತರಲು ನೆರವಾಗುವ ಹೊಸ ಕನ್ಸೋಲ್‌ಗಳು ಬಂದವು. ಹಳೆಯವು ಭಾರವಾದವು, ಹೆಚ್ಚು ವಿದ್ಯುತ್ ಬೇಡುವವು, ಸದಾ ದುರಸ್ತಿ ಕೇಳುವವು ಎನಿಸಿಕೊಂಡವು. ಅನಂತರ ಕಂಪ್ಯೂಟರ್ ಆಧಾರಿತ ಧ್ವನಿಮುದ್ರಣ ಹರಡಿದಾಗ ಕೂಡಿಸುವ, ಕಳೆಯುವ, ತಿದ್ದುವ ಕೆಲಸವೆಲ್ಲ ತೆರೆಯ ಮೇಲೆ ನಡೆಯತೊಡಗಿತು. ಆದರೆ ಒಂದು ಕೆಲಸ ಮಾತ್ರ ತೆರೆಯೊಳಗೆ ಹೋಗಲಿಲ್ಲ. ಮೈಕ್ರೊಫೋನಿನ ಕ್ಷೀಣ ಸಂಕೇತವನ್ನು ಎತ್ತಲು ಒಂದು ನಿಜವಾದ ಯಂತ್ರ ಬೇಕೇ ಬೇಕಿತ್ತು. ಮನೆಯ ಕೋಣೆಯಲ್ಲಿ ಒಬ್ಬ ಗಾಯಕನನ್ನು ಮುದ್ರಿಸಿಕೊಳ್ಳುವವನಿಗೆ ಇಪ್ಪತ್ತನಾಲ್ಕು ಚಾನೆಲ್‌ಗಳ ಅಗತ್ಯವಿಲ್ಲ, ಒಂದೋ ಎರಡೋ ಒಳ್ಳೆಯ ಪ್ರಿಆಂಪ್ ಸಾಕು.

ಇಲ್ಲಿ ಮಾರುಕಟ್ಟೆಯ ತರ್ಕ ಪ್ರವೇಶಿಸಿತು. ಇಡೀ ಕನ್ಸೋಲ್ ಕೊಳ್ಳುವವರು ವಿರಳ, ಒಂದು ಜೋಡಿ ಮಾಡ್ಯೂಲ್ ಕೊಳ್ಳುವವರು ಅನೇಕ. ಬಿಡಿಭಾಗಗಳ ಒಟ್ಟು ಬೆಲೆ ಸಮಗ್ರದ ಬೆಲೆಯನ್ನು ಮೀರಿದಾಗ ಸಮಗ್ರವನ್ನು ಒಡೆಯುವುದೇ ವಿವೇಕವೆನಿಸುತ್ತದೆ. ಅಮೆರಿಕದ ಬಿಎಇ ಸಂಸ್ಥೆ ಹಳೆಯ ಮಾಡ್ಯೂಲ್‌ಗಳನ್ನು ರ‍್ಯಾಕ್‌ಗೆ ಅಳವಡಿಸಿ ಮಾರುವುದರಿಂದ ಹೆಸರು ಮಾಡಿ, ಮುಂದೆ ಅದೇ ಮಾದರಿಯ ಹೊಸ ಘಟಕಗಳನ್ನು ತಯಾರಿಸುವ ಸಂಸ್ಥೆಯಾಯಿತು. ಒಡೆಯುವಿಕೆ, ಅಳವಡಿಕೆ, ಅನುಕರಣೆ ಎಂಬ ಮೂರು ಹಂತಗಳು ಈ ಒಂದು ಉದಾಹರಣೆಯಲ್ಲೇ ಕಾಣುತ್ತವೆ. ಹಳೆಯ ತೊಟ್ಟಿಮನೆಗಳ ಕೆತ್ತನೆಯ ಕಂಬ, ಬಾಗಿಲವಾಡಗಳು ಮೊದಲು ಬಿಡಿಯಾಗಿ ಮಾರಾಟವಾಗಿ, ಆನಂತರ ಅವುಗಳ ಮಾದರಿಯಲ್ಲೇ 'ಹಳೆಯ' ಕಂಬಗಳು ಹೊಸದಾಗಿ ತಯಾರಾಗುವುದನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು.

4. ಪರಿವರ್ತನೆಯ ಕ್ರಮ ಮತ್ತು ಅದರ ಅರ್ಥ

ಮಾಡ್ಯೂಲನ್ನು ಕಳಚಿದ ಮೇಲೆ ಅದಕ್ಕೆ ಏನೇನು ಬೇಕಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಏಕೆಂದರೆ ಕನ್ಸೋಲ್ ಅದಕ್ಕೆ ಏನೇನು ಕೊಡುತ್ತಿತ್ತು ಎಂಬುದು ಕನ್ಸೋಲ್ ಇಲ್ಲವಾದಾಗಲೇ ತಿಳಿಯುತ್ತದೆ.

ಮೊದಲನೆಯದು ವಿದ್ಯುತ್ತು. 1073 ಮತ್ತು ಅದರ ಬಳಗದ ಮಾಡ್ಯೂಲ್‌ಗಳಿಗೆ 24 ವೋಲ್ಟ್ ನೇರ ವಿದ್ಯುತ್ ಬೇಕು. ಕಂಡೆನ್ಸರ್ ಮೈಕ್ರೊಫೋನ್ ಬಳಸಬೇಕಾದರೆ 48 ವೋಲ್ಟ್‌ನ ಫ್ಯಾಂಟಮ್ ವಿದ್ಯುತ್ತನ್ನು ತಲಾ 6.8 ಕಿಲೋಓಮ್‌ನ, ಒಂದಕ್ಕೊಂದು ಸರಿಹೊಂದುವ ಎರಡು ರೆಸಿಸ್ಟರ್‌ಗಳ ಮೂಲಕ ಮೈಕ್ರೊಫೋನಿನ ತಂತಿಗೆ ಕೊಡಬೇಕು. ಇವೆರಡೂ ಕನ್ಸೋಲ್‌ನಲ್ಲಿ ಸಾಮೂಹಿಕ ಸೌಲಭ್ಯಗಳಾಗಿದ್ದವು. ರ‍್ಯಾಕ್‌ನಲ್ಲಿ ಹೊಸದಾಗಿ ಕಟ್ಟಬೇಕು. ಹಾಗೆ ಕಟ್ಟುವಾಗ ವಿದ್ಯುತ್ ಪೂರೈಕೆಯ ಟ್ರಾನ್ಸ್‌ಫಾರ್ಮರನ್ನು ಮಾಡ್ಯೂಲಿನ ಪಕ್ಕದಲ್ಲೇ ಇಟ್ಟರೆ ಅದರ ಕಾಂತಕ್ಷೇತ್ರ ಒಳಬರುವ ಟ್ರಾನ್ಸ್‌ಫಾರ್ಮರಿಗೆ ತಾಗಿ ಗುಂಯ್‌ಗುಡುವ ಸದ್ದು ದನಿಯಲ್ಲಿ ಸೇರುತ್ತದೆ. ಆದ್ದರಿಂದ ಪೂರೈಕೆಯನ್ನು ಬೇರೆ ಪೆಟ್ಟಿಗೆಯಲ್ಲಿಡುವುದು ರೂಢಿ.

ಎರಡನೆಯದು ವಯಸ್ಸು. ಅರ್ಧ ಶತಮಾನ ದಾಟಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಣಗಿರುತ್ತವೆ, ಸ್ವಿಚ್‌ಗಳ ಸಂಪರ್ಕಗಳು ಸವೆದಿರುತ್ತವೆ. ಅವನ್ನು ಬದಲಿಸದೆ ಬಳಸಲಾಗದು. ಬದಲಿಸಿದರೆ ಅದು 'ಮೂಲ'ವೇ ಎಂಬ ಪ್ರಶ್ನೆ ಏಳುತ್ತದೆ. ರಿಪೇರಿಯಾಗದ ಮಾಡ್ಯೂಲ್ ಅಧಿಕೃತ ಆದರೆ ಮೂಕ; ರಿಪೇರಿಯಾದದ್ದು ಮಾತಾಡುತ್ತದೆ, ಆದರೆ ಅದರ ಮೂಲತನ ಚರ್ಚಾಸ್ಪದ.

ಮೂರನೆಯದು, ಈ ಲೇಖನದ ದೃಷ್ಟಿಯಿಂದ ಅತ್ಯಂತ ಮುಖ್ಯವಾದದ್ದು, ಹೊರೆ. ಟ್ರಾನ್ಸ್‌ಫಾರ್ಮರ್ ಮೂಲಕ ಹೊರಹೋಗುವ ಸಂಕೇತಕ್ಕೆ ಮುಂದೆ ಎಷ್ಟು ವಿದ್ಯುತ್ ಪ್ರತಿರೋಧ ಎದುರಾಗುತ್ತದೆ ಎಂಬುದರ ಮೇಲೆ ಅದರ ನಡತೆ ನಿರ್ಧಾರವಾಗುತ್ತದೆ. ಈ ಮಾಡ್ಯೂಲ್‌ಗಳನ್ನು 600 ಓಮ್‌ನ ಲೆಕ್ಕದಲ್ಲಿ ವಿನ್ಯಾಸ ಮಾಡಲಾಗಿತ್ತು. ಇಂದಿನ ಉಪಕರಣಗಳ ಒಳಪ್ರತಿರೋಧ ಸಾಮಾನ್ಯವಾಗಿ 10,000 ಓಮ್ ಅಥವಾ ಅದಕ್ಕೂ ಹೆಚ್ಚು. ಹೊರೆಯಿಲ್ಲದ ಟ್ರಾನ್ಸ್‌ಫಾರ್ಮರ್ ಮೇಲಿನ ಆವರ್ತನಗಳಲ್ಲಿ ಉಬ್ಬಿಕೊಳ್ಳುತ್ತದೆ. ಆದ್ದರಿಂದ ಪರಿವರ್ತಕರು ಹೊರತುದಿಗೆ ಅಡ್ಡಲಾಗಿ 600 ಓಮ್‌ನ ಆಸುಪಾಸಿನ ಒಂದು ರೆಸಿಸ್ಟರ್ ಹಾಕುತ್ತಾರೆ. ಮಾಡ್ಯೂಲ್ ಹಿಂದಿನಂತೆಯೇ ನಡೆದುಕೊಳ್ಳಬೇಕಾದರೆ, ಇಲ್ಲದ ಸಂಬಂಧಗಳು ಇರುವಂತೆ ಅದಕ್ಕೆ ತೋರಬೇಕು ಎಂದಾಯಿತು. ಇಡೀ ಕನ್ಸೋಲ್ ಹೊರುತ್ತಿದ್ದ ಪಾತ್ರದ ಒಂದು ಅಂಶವನ್ನು ಕಡ್ಡಿಯ ಚೂರಿನಷ್ಟಿರುವ ಒಂದು ಬಿಡಿಭಾಗ ನಿರ್ವಹಿಸುತ್ತದೆ. ಸಂದರ್ಭವು ಹೊರಗಿನ ಅಲಂಕಾರವಲ್ಲ, ಅದು ಪಠ್ಯದ ಒಳಗುಣವನ್ನೇ ರೂಪಿಸುತ್ತದೆ ಎಂದು ಜಾನಪದ ಸಿದ್ಧಾಂತ ಹೇಳುತ್ತ ಬಂದಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಭೌತಿಕ ನಿದರ್ಶನ ಸಿಗುವುದು ಕಷ್ಟ. ಅಲನ್ ಡಂಡೆಸ್ 1964ರಲ್ಲಿ ಬಂಧ, ಪಠ್ಯ, ಸಂದರ್ಭ ಎಂಬ ಮೂರು ನೆಲೆಗಳನ್ನು ಪ್ರತಿಪಾದಿಸಿದರು. ಪಠ್ಯವೊಂದನ್ನೇ ಎತ್ತಿಕೊಂಡು ಬಂದ ಸಂಗ್ರಾಹಕ ಉಳಿದೆರಡನ್ನು ಯಾವ ರೀತಿಯಲ್ಲಾದರೂ ತುಂಬಿಕೊಡಬೇಕಾಗುತ್ತದೆ.

ನಾಲ್ಕನೆಯದು ಪಾತ್ರದ ಬದಲಾವಣೆ. ಇದಕ್ಕೆ ನೀವ್ 1272 ಉತ್ತಮ ಉದಾಹರಣೆ. ಇದು ಮೂಲತಃ ಮೈಕ್ರೊಫೋನ್ ಪ್ರಿಆಂಪ್ ಅಲ್ಲ. ಕನ್ಸೋಲ್‌ನ ಒಳಗೆ ಸಂಕೇತವನ್ನು ಮತ್ತೆ ಎತ್ತಿ ಮುಂದಕ್ಕೆ ಕಳಿಸುತ್ತಿದ್ದ, ಮುಂಭಾಗದಲ್ಲಿ ಕಾಣಿಸಿಕೊಳ್ಳದ ಲೈನ್ ಆಂಪ್ಲಿಫೈಯರ್ ಅದು. 1073ರ ಹೊರತುದಿಯಲ್ಲಿ ಬಳಕೆಯಾಗುವ ಬಿಎ283 ಎಂಬ ಸರ್ಕಿಟ್ ಹಲಗೆ ಇದರಲ್ಲೂ ಇರುವುದರಿಂದ, ವರ್ಧನೆಯ ಸ್ವಿಚ್ಚು, ಫ್ಯಾಂಟಮ್ ವಿದ್ಯುತ್ತು, ಪೊಲಾರಿಟಿ ಸ್ವಿಚ್ಚುಗಳನ್ನು ಸೇರಿಸಿ ಇದನ್ನು ಮೈಕ್ರೊಫೋನ್ ಪ್ರಿಆಂಪ್ ಆಗಿ ಮಾರ್ಪಡಿಸುವುದು ವ್ಯಾಪಕವಾಯಿತು. 1073ಕ್ಕಿಂತ ಕಡಿಮೆ ಬೆಲೆಗೆ ಅದೇ ಮನೆತನದ ದನಿ ಸಿಗುತ್ತದೆ ಎಂಬುದು ಇದರ ಆಕರ್ಷಣೆ. ಇಲ್ಲಿ ಹಳೆಯದನ್ನು ಉಳಿಸುವ ಹೆಸರಿನಲ್ಲಿ, ಹಿಂದೆಂದೂ ಇಲ್ಲದಿದ್ದ ಒಂದು ಹೊಸ ವಸ್ತು ಹುಟ್ಟಿದೆ. ಪರಂಪರೆಯ ಹೆಸರಿನಲ್ಲಿ ಪರಂಪರೆಗೆ ಹೊಸ ಸದಸ್ಯರು ಸೇರುವುದು ಜಾನಪದದಲ್ಲಿ ಸಹಜ. ಹಾಗಾಗಿ ಇದನ್ನು ವಂಚನೆ ಎನ್ನಲಾಗದು. ಆದರೆ ಆ ಬದಲಾವಣೆಯನ್ನು ದಾಖಲಿಸದೆ 'ಮೂಲ ಪ್ರಿಆಂಪ್' ಎಂದು ಕರೆದಾಗ ಇತಿಹಾಸ ತಪ್ಪುತ್ತದೆ.

5. ಎರಡು ಭಿನ್ನ ಮಾದರಿಗಳು

ಎಲ್ಲ ಕಳಚುವಿಕೆಯೂ ಒಂದೇ ಬಗೆಯದಲ್ಲ. ಜರ್ಮನಿಯ ರೇಡಿಯೋ ಸಂಸ್ಥೆಗಳಿಗಾಗಿ 1950ರ ದಶಕದಲ್ಲಿ ಬಳಕೆಗೆ ಬಂದ ವಿ72 ಎಂಬ ವಾಲ್ವ್ ಆಂಪ್ಲಿಫೈಯರ್ ಮೊದಲಿನಿಂದಲೂ ಎಲ್ಲಿಗೆ ಬೇಕಾದರೂ ಒಯ್ದು ಸಿಕ್ಕಿಸಬಹುದಾದ ಸ್ವತಂತ್ರ ಪೆಟ್ಟಿಗೆ. ಅದರೊಳಗೆ ಅದರದೇ ವಿದ್ಯುತ್ ಪೂರೈಕೆ ಇದೆ. ಬೇರೆಬೇರೆ ರೇಡಿಯೋ ಕೇಂದ್ರಗಳಲ್ಲಿ ಅದಲುಬದಲು ಮಾಡಲು ಅನುಕೂಲವಾಗುವಂತೆ ಅಳತೆಗಳನ್ನು ಏಕರೂಪಗೊಳಿಸಲಾಗಿತ್ತು. ಅದರ ವರ್ಧನೆ ಮಾತ್ರ 34 ಡೆಸಿಬಲ್‌ಗೆ ಸ್ಥಿರ. ಇದರ ಇನ್ನೊಂದು ರೂಪವಾದ, 40 ಡೆಸಿಬಲ್ ವರ್ಧನೆಯ ವಿ72ಎಸ್ ಅನ್ನು ಇಎಂಐ ತನ್ನ ರೆಡ್.37 ಕನ್ಸೋಲ್‌ಗಳಲ್ಲಿ ಬಳಸಿತು. ಬೀಟಲ್ಸ್ ತಂಡದ ಆರಂಭದ ಧ್ವನಿಮುದ್ರಣಗಳು ಅಂತಹ ಕನ್ಸೋಲ್ ಮೂಲಕ ಹಾದುಹೋದವು. ಇಂತಹ ಘಟಕವನ್ನು ಇಂದು ರ‍್ಯಾಕ್‌ಗೆ ತರುವುದರಲ್ಲಿ ಹಿಂಸೆ ಕಡಿಮೆ. ಅಲೆಮಾರಿತನ ಅದರ ಹುಟ್ಟುಗುಣ.

ಅಮೆರಿಕದ ಎಪಿಐ ಸಂಸ್ಥೆಯದು ಮತ್ತೊಂದು ದಾರಿ. ಅದರ ಕನ್ಸೋಲ್‌ಗಳ ಸಣ್ಣ ಮಾಡ್ಯೂಲ್‌ಗಳ ಅಳತೆ ಮತ್ತು ಜೋಡಣೆಯೇ ಮುಂದೆ '500 ಸರಣಿ' ಎಂಬ ಸಾರ್ವತ್ರಿಕ ಮಾನದಂಡವಾಯಿತು. ಇಂದು ಅನೇಕ ತಯಾರಕರು ಈ ಅಳತೆಗೆ ಹೊಂದುವ ಘಟಕಗಳನ್ನು ಮಾಡುತ್ತಾರೆ. ಕನ್ಸೋಲ್‌ನ ಒಂದು ಕಿಂಡಿ ಇಲ್ಲಿ ಕನ್ಸೋಲನ್ನೇ ಮೀರಿ ಬೆಳೆದಿದೆ. ಒಂದು ನಿರ್ದಿಷ್ಟ ಕಥನದ ಚೌಕಟ್ಟು ಸಡಿಲಗೊಂಡು ಹಲವು ಕಥೆಗಳು ಅದರೊಳಗೆ ಬಂದು ಕೂರುವಂತೆ ಇದು ತೋರುತ್ತದೆ. ಈ ಎರಡು ಮಾದರಿಗಳ ಎದುರು ನೀವ್ ಕನ್ಸೋಲ್‌ಗಳ ವಿಘಟನೆಯನ್ನು ಇಟ್ಟು ನೋಡಿದಾಗ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿ ಬಿಡಿಸುವಿಕೆ ವಿನ್ಯಾಸದ ಉದ್ದೇಶ. ಇಲ್ಲಿ ಅದು ಸಮಗ್ರವೊಂದರ ಕೊನೆ.

6. 'ವಿಂಟೇಜ್' ಸಂಕಥನ

ಈ ಮಾಡ್ಯೂಲ್‌ಗಳ ಸುತ್ತ ಬೆಳೆದಿರುವ ಮಾತುಗಳನ್ನು ಜಾನಪದ ವಿದ್ವಾಂಸ ಉಪೇಕ್ಷಿಸುವಂತಿಲ್ಲ. 'ಬೆಚ್ಚನೆಯ ದನಿ', 'ಮೈತುಂಬಿದ ದನಿ', 'ಇಂಥ ಕಂಪನಿಯ ಟ್ರಾನ್ಸ್‌ಫಾರ್ಮರ್ ಇದ್ದರೆ ಮಾತ್ರ ನಿಜವಾದದ್ದು' ಎಂಬ ಹೇಳಿಕೆಗಳು ಬಳಕೆದಾರರ ನಡುವೆ ಬಾಯಿಂದ ಬಾಯಿಗೆ ಸಾಗುತ್ತವೆ. ನೀವ್ ಮಾಡ್ಯೂಲ್‌ಗಳಲ್ಲಿ ಮರಿನೇರ್, ಸೇಂಟ್ ಐವ್ಸ್ ಎಂಬ ಹೆಸರಿನ ಟ್ರಾನ್ಸ್‌ಫಾರ್ಮರ್‌ಗಳಿದ್ದವು. ಯಾವುದು ಮೇಲು ಎಂಬ ವಾದ ಇನ್ನೂ ಮುಗಿದಿಲ್ಲ. ನಮ್ಮ ಹಳ್ಳಿಗಳಲ್ಲಿ ಇಂಥ ಕಮ್ಮಾರನ ಕುಲುಮೆಯ ಕುಡವೇ ಕುಡ ಎನ್ನುವ ಮಾತಿಗೆ ಇದು ಹತ್ತಿರದ್ದು.

ಇವೆಲ್ಲ ಬರಿಯ ಭ್ರಮೆ ಎಂದು ತಳ್ಳಿಹಾಕುವುದು ಸರಿಯಲ್ಲ. ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ಕೆಳ ಆವರ್ತನಗಳಲ್ಲಿ, ಸಂಕೇತ ಪ್ರಬಲವಾದಾಗ, ತನ್ನ ಮಿತಿ ತಲುಪಿ ಮೂಲದಲ್ಲಿಲ್ಲದ ಅನುಸ್ವರಗಳನ್ನು ಸೇರಿಸುತ್ತದೆ. ಹೊರತುದಿಯಲ್ಲಿ ಒಂಟಿ ಟ್ರಾನ್ಸಿಸ್ಟರ್ ಸದಾ ಪೂರ್ತಿ ಎಚ್ಚರದಲ್ಲಿರುವ 'ಕ್ಲಾಸ್ ಎ' ಕ್ರಮದಲ್ಲಿ ಕೆಲಸ ಮಾಡುವುದರಿಂದ ಎರಡನೆಯ ಅನುಸ್ವರ ಎದ್ದು ತೋರುತ್ತದೆ. ಇವು ಅಳೆಯಬಹುದಾದ ಸಂಗತಿಗಳು. ಹಾಗೆಯೇ ಬಿಡಿಭಾಗಗಳ ತಾಳಿಕೆಯ ವ್ಯತ್ಯಾಸ ಮತ್ತು ವಯಸ್ಸಿನಿಂದಾಗಿ ಒಂದೇ ಕನ್ಸೋಲ್‌ನ ಎರಡು ಮಾಡ್ಯೂಲ್‌ಗಳೂ ಒಂದೇ ತೆರನಾಗಿ ಇರಲಾರವು. ಅಳತೆಗೆ ಸಿಗುವ ಇಂತಹ ಸಣ್ಣ ಸತ್ಯಗಳ ಮೇಲೆ ಐತಿಹ್ಯದ ದೊಡ್ಡ ಕಟ್ಟಡ ನಿಂತಿದೆ. ಸ್ಥಳಪುರಾಣಗಳಲ್ಲೂ ಒಂದು ಬಂಡೆ, ಒಂದು ಹೊಂಡ ನಿಜವಾಗಿಯೇ ಇರುತ್ತದೆ.

ಇಲ್ಲೊಂದು ವಿಪರ್ಯಾಸವನ್ನು ಗುರುತಿಸಬೇಕು. ಯಾಂತ್ರಿಕ ಪುನರುತ್ಪಾದನೆಯ ಯುಗದಲ್ಲಿ ಕಲಾಕೃತಿಯ ಅನನ್ಯ ಪ್ರಭಾವಳಿ ಬಾಡುತ್ತದೆ ಎಂದು ವಾಲ್ಟರ್ ಬೆಂಜಮಿನ್ 1936ರ ಪ್ರಬಂಧದಲ್ಲಿ ವಾದಿಸಿದರು. ಧ್ವನಿಮುದ್ರಣ ಕನ್ಸೋಲ್ ಅಂತಹ ಪುನರುತ್ಪಾದನೆಯ ಯಂತ್ರವೇ. ಆದರೆ ಇಂದು ಪ್ರಭಾವಳಿ ಯಂತ್ರಕ್ಕೇ ಅಂಟಿಕೊಂಡಿದೆ. ಹಾಡು ಎಲ್ಲರಿಗೂ ಸಿಗುತ್ತದೆ. ಆ ಹಾಡು ಹಾದುಬಂದ ಮಾಡ್ಯೂಲ್ ಒಬ್ಬನಿಗೆ ಮಾತ್ರ ಸಿಗುತ್ತದೆ. ಇಗೊರ್ ಕೊಪಿಟೊಫ್ 1986ರಲ್ಲಿ ಸೂಚಿಸಿದಂತೆ ವಸ್ತುಗಳಿಗೂ ಜೀವನಚರಿತ್ರೆಯಿದೆ. ಅವು ಸರಕಾಗುತ್ತವೆ, ಸರಕಿನ ಲೋಕದಿಂದ ಹೊರಬಂದು ಅನನ್ಯವಾಗುತ್ತವೆ, ಮತ್ತೆ ಸರಕಾಗುತ್ತವೆ. ಮಾಡ್ಯೂಲಿನ ಬೆಲೆ ಹೆಚ್ಚಿಸುವುದು ಅದರ ಚರಿತ್ರೆ. ಆದರೆ ಒಡೆಯುವಾಗ ಮೊದಲು ಕಳೆದುಹೋಗುವುದೂ ಆ ಚರಿತ್ರೆಯೇ. ಯಾವ ಸ್ಟುಡಿಯೋ, ಯಾವ ಕನ್ಸೋಲ್, ಎಷ್ಟನೆಯ ಚಾನೆಲ್ ಎಂಬುದು ಮಾರಾಟದ ಮಾತಿನಲ್ಲಿ ಉಳಿಯುತ್ತದೆ, ದಾಖಲೆಯಲ್ಲಿ ಉಳಿಯುವುದಿಲ್ಲ. ವ್ಯಾಪಾರಕ್ಕೆ ಐತಿಹ್ಯ ಸಾಕು, ಸಂಶೋಧನೆಗೆ ಸಾಲದು.

7. ಸಂಗ್ರಾಹಕರ ಹೊಣೆ

ಬಾರ್ಬರಾ ಕಿರ್ಶನ್‌ಬ್ಲಾಟ್-ಗಿಂಬ್ಲೆಟ್ 1991ರಲ್ಲಿ ಜನಾಂಗ ವಿವರಣೆಯ ವಸ್ತುಗಳು ತಾವಾಗಿ ಇರುವುದಿಲ್ಲ, ಅವು ಬಿಡಿಸಿಕೊಂಡು ಬರುವ ಕ್ರಿಯೆಯಿಂದಲೇ ಹುಟ್ಟುತ್ತವೆ ಎಂದರು. ಎಲ್ಲಿ ಕತ್ತರಿಸಬೇಕು ಎಂಬ ತೀರ್ಮಾನವೇ ವಸ್ತುವನ್ನು ನಿರ್ಮಿಸುತ್ತದೆ ಎಂಬ ಈ ವಿಚಾರ ರ‍್ಯಾಕ್‌ನಲ್ಲಿರುವ ಮಾಡ್ಯೂಲಿಗೆ ಅಕ್ಷರಶಃ ಅನ್ವಯಿಸುತ್ತದೆ. ಅದು ನಮ್ಮ ಸಂಗ್ರಹಾಲಯಗಳಿಗೂ ಅನ್ವಯಿಸುತ್ತದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1968ರಲ್ಲಿ ಆರಂಭವಾಗಿ ಜಯಲಕ್ಷ್ಮೀ ವಿಲಾಸದಲ್ಲಿ ನೆಲೆಗೊಂಡ ಜಾನಪದ ವಸ್ತುಸಂಗ್ರಹಾಲಯವಾಗಲಿ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವಾಗಲಿ ಇಲ್ಲದಿದ್ದರೆ ಸಾವಿರಾರು ವಸ್ತುಗಳು ಇಂದು ಒಲೆಗೆ, ಗುಜರಿಗೆ ಹೋಗಿರುತ್ತಿದ್ದವು. ಕಳಚಿ ತಂದಿದ್ದರಿಂದಲೇ ಅವು ಉಳಿದವು. ಆದರೆ ಸೋಮನ ಕುಣಿತದ ಮುಖವಾಡ ಗೋಡೆಯ ಮೇಲೆ ನಿಂತಾಗ ಅದಕ್ಕೆ ಪೂಜೆಯಿಲ್ಲ, ಹೊರುವವನಿಲ್ಲ, ಎದುರು ಅರೆ ಬಾರಿಸುವವನಿಲ್ಲ. ಆ ಕೊರತೆಯನ್ನು ತುಂಬುವುದು ವಿವರಣೆಯ ಕೆಲಸ. ರ‍್ಯಾಕ್‌ನ ಮಾಡ್ಯೂಲ್ ಒಂದು ದೃಷ್ಟಿಯಲ್ಲಿ ಮುಖವಾಡಕ್ಕಿಂತ ಅದೃಷ್ಟಶಾಲಿ. ಅದು ಇನ್ನೂ ಕೆಲಸ ಮಾಡುತ್ತದೆ, ಅದರ ಮೂಲಕ ಹೊಸ ದನಿಗಳು ಹಾದುಹೋಗುತ್ತವೆ.

ಸಮಗ್ರವನ್ನು ಉಳಿಸುವ ದಾರಿಯೂ ಇಲ್ಲದಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ (1934-2017) ಹಳೆಯ ಮನೆಗಳನ್ನು ಕಂಬ ತೊಲೆಗಳ ಸಹಿತ ಬಿಚ್ಚಿ ತಂದು ಮರಳಿ ನಿಲ್ಲಿಸಿದರು. ಲಾಸ್ ಏಂಜಲೀಸ್ ಪರಿಸರದ ಸೌಂಡ್ ಸಿಟಿ ಸ್ಟುಡಿಯೋ 2011ರಲ್ಲಿ ಬಾಗಿಲು ಹಾಕಿದಾಗ ಅಲ್ಲಿನ ನೀವ್ 8028 ಕನ್ಸೋಲನ್ನು ಸಂಗೀತಗಾರ ಡೇವ್ ಗ್ರೋಲ್ ಇಡಿಯಾಗಿ ಕೊಂಡು ತಮ್ಮ ಸ್ಟುಡಿಯೋಗೆ ಒಯ್ದರು. 2013ರಲ್ಲಿ ಅದರ ಬಗ್ಗೆ ಸಾಕ್ಷ್ಯಚಿತ್ರವನ್ನೂ ಮಾಡಿದರು. ಆದರೆ ಇದಕ್ಕೆ ಹಣ, ಸ್ಥಳ, ಹಠ ಮೂರೂ ಬೇಕು. ಎಲ್ಲ ಕನ್ಸೋಲ್‌ಗಳಿಗೂ ಆ ಭಾಗ್ಯವಿಲ್ಲ.

ಆದ್ದರಿಂದ ಒಡೆಯುವುದು ಅನಿವಾರ್ಯವಾದಾಗ ಕನಿಷ್ಠ ಕೆಲವು ನಿಯಮಗಳಾದರೂ ಬೇಕು. ಬಿಚ್ಚುವ ಮುನ್ನ ಇಡೀ ಕನ್ಸೋಲ್‌ನ ಛಾಯಾಚಿತ್ರ, ವಯರಿಂಗ್ ನಕ್ಷೆ, ಪ್ಯಾಚ್‌ಬೇಯ ಹೆಸರುಪಟ್ಟಿ, ಪ್ರತಿ ಮಾಡ್ಯೂಲಿನ ಕ್ರಮಸಂಖ್ಯೆ ಮತ್ತು ಅದು ಕೂತಿದ್ದ ಸ್ಥಾನ ದಾಖಲಾಗಬೇಕು. ಫೇಡರ್‌ಗಳ ಕೆಳಗೆ ಅಂಟಿಸಿದ ಪಟ್ಟಿಯ ಮೇಲೆ ಕೆಲಸಗಾರರು ಕೈಯಲ್ಲಿ ಬರೆದ ಗುರುತುಗಳನ್ನು ಒರೆಸಿ ಹಾಕಬಾರದು. ಕಸುಬಿನ ಮೌಖಿಕ ಪರಂಪರೆಗೆ ಉಳಿದಿರುವ ಲಿಖಿತ ಕುರುಹು ಅಷ್ಟೇ. ಮಾರ್ಪಾಡುಗಳು ಹಿಂತೆಗೆಯಲು ಬರುವಂತಿರಬೇಕು, ತೆಗೆದ ಬಿಡಿಭಾಗಗಳು ಮಾಡ್ಯೂಲಿನೊಂದಿಗೇ ಸಾಗಬೇಕು, ಮೂಲ ಲೋಹಕ್ಕೆ ಹೊಸ ರಂಧ್ರ ಕೊರೆಯಬಾರದು. ಕನ್ಸೋಲ್ ನಡೆಸಿದವರ, ದುರಸ್ತಿ ಮಾಡಿದವರ ನೆನಪುಗಳನ್ನು ಅವರು ಇರುವಾಗಲೇ ಸಂಗ್ರಹಿಸಬೇಕು. ಈ ಕೊನೆಯ ಕೆಲಸ ತಂತ್ರಜ್ಞನಿಗಿಂತ ಹೆಚ್ಚಾಗಿ ಜಾನಪದ ಕ್ಷೇತ್ರಕಾರ್ಯಕರ್ತನದು.

ಇದೇ ಮಾತನ್ನು ನಮ್ಮ ಧ್ವನಿಸಂಗ್ರಹಗಳ ಕಡೆಗೂ ತಿರುಗಿಸಬೇಕು. ಪ್ರಕಟಿತ ಜನಪದ ಗೀತ ಸಂಕಲನಗಳಲ್ಲಿ ಹಾಡಿದವರ ಹೆಸರು, ಊರು, ವಯಸ್ಸು ಕಾಣಿಸಿಕೊಳ್ಳಲು ಸಾಕಷ್ಟು ಕಾಲ ಹಿಡಿಯಿತು. ಯಾವ ಮೈಕ್ರೊಫೋನ್, ಯಾವ ಟೇಪ್ ಯಂತ್ರ, ಎಷ್ಟು ದೂರ, ಯಾವ ಜಾಗ ಎಂಬ ವಿವರ ಇಂದಿಗೂ ಅಪರೂಪ. ನಾಳೆಯ ಕೇಳುಗನು ಬೀಸುವ ಪದದ ಧ್ವನಿಮುದ್ರಿಕೆಯಲ್ಲಿ ಒಂದು ಒಡಕನ್ನು ಗಮನಿಸಿದರೆ, ಅದು ಹಾಡುಗಾರ್ತಿಯ ಕಂಠದ್ದೋ, ಯಂತ್ರದ್ದೋ ಎಂದು ಬಗೆಹರಿಸಲು ಈ ವಿವರಗಳಲ್ಲದೆ ಬೇರೆ ಆಧಾರವಿಲ್ಲ.

8. ಉಪಸಂಹಾರ

ಒಟ್ಟಾರೆಯಾಗಿ ಹೇಳುವುದಾದರೆ, ಹಳೆಯ ಕನ್ಸೋಲ್‌ಗಳ ಮಾಡ್ಯೂಲ್‌ಗಳನ್ನು ರ‍್ಯಾಕ್‌ಗೆ ಅಳವಡಿಸುವ ರೂಢಿಯನ್ನು ನಾಶ ಎಂದೂ, ಸಂರಕ್ಷಣೆ ಎಂದೂ ಏಕಪಕ್ಷೀಯವಾಗಿ ತೀರ್ಮಾನಿಸಲಾಗದು. ಗುಜರಿಯ ಪಾಲಾಗಬಹುದಾಗಿದ್ದ ಎಷ್ಟೋ ಘಟಕಗಳಿಗೆ ಅದು ಎರಡನೆಯ ಬದುಕು ಕೊಟ್ಟಿದೆ, ದೊಡ್ಡ ಸ್ಟುಡಿಯೋಗಳ ಸೊತ್ತಾಗಿದ್ದ ದನಿಯನ್ನು ಸಣ್ಣ ಕೋಣೆಗಳಿಗೆ ತಲುಪಿಸಿದೆ. ಅದೇ ಹೊತ್ತಿಗೆ, ಇನ್ನೂ ನಡೆಯುತ್ತಿದ್ದ ಕನ್ಸೋಲ್‌ಗಳನ್ನು ಒಡೆಯಲು ಅದು ಪ್ರೇರಣೆಯೂ ಆಗಿದೆ. ಈ ದ್ವಂದ್ವವನ್ನು ಮರೆಮಾಡದೆ ಎದುರಿಸುವುದು ವಿಮರ್ಶೆಯ ಕೆಲಸ. 600 ಓಮ್‌ನ ರೆಸಿಸ್ಟರ್ ಕನ್ಸೋಲ್‌ನ ಹೊರೆಯನ್ನು ಅನುಕರಿಸಬಲ್ಲದು. ಅಲ್ಲಿ ನಡೆದ ಕೆಲಸದ ನೆನಪನ್ನು ಅನುಕರಿಸಲಾರದು. ಆ ನೆನಪನ್ನು ಕಾಯುವುದಕ್ಕೆ ಬರಹ, ಚಿತ್ರ, ಸಂದರ್ಶನಗಳೇ ಬೇಕು. ಯಂತ್ರಗಳ ಈ ಸಂಕ್ರಮಣವನ್ನು ಜಾನಪದ ಅಧ್ಯಯನವು ತನ್ನ ವ್ಯಾಪ್ತಿಗೆ ತಂದುಕೊಂಡರೆ, ಭೌತಿಕ ಸಂಸ್ಕೃತಿಯ ನಮ್ಮ ತಿಳಿವಳಿಕೆಯೂ, ನಮ್ಮದೇ ಸಂಗ್ರಹಗಳ ವಿಶ್ವಾಸಾರ್ಹತೆಯೂ ಹೆಚ್ಚುತ್ತದೆ.